ಪಾಳುಬಿದ್ದ ಮನೆ, ಖಾಲಿ ನಿವೇಶನ: ಮಾಲೀಕರನ್ನು ಹೊಣೆಗಾರರನ್ನಾಗಿಸುವ ದಾರಿ

ನಮ್ಮ ಬೀದಿಯಲ್ಲೊಂದು ಮನೆ ವರ್ಷಗಳಿಂದ ಪಾಳುಬಿದ್ದಿದೆ, ಮಾಲೀಕರು ಇತ್ತ ತಿರುಗಿಯೂ ನೋಡುವುದಿಲ್ಲ, ದೂರು ಕೊಟ್ಟರೆ ಯಾರೂ ಬರುವುದಿಲ್ಲ, ಏನು ಮಾಡಬೇಕು ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೆಲವರ ಪಕ್ಕದಲ್ಲಿರುವುದು ಮನೆಯಲ್ಲ. ಗಿಡಗಂಟಿ ಬೆಳೆದು, ಊರವರೆಲ್ಲ ಕಸ ಸುರಿಯುವ ಜಾಗವಾಗಿಬಿಟ್ಟ ಖಾಲಿ ನಿವೇಶನ. ಇನ್ನು ಕೆಲವರ ಎದುರಿಗಿರುವುದು ಕಂಬಿಗಳು ಹೊರಚಾಚಿಕೊಂಡು ಅರ್ಧಕ್ಕೇ ನಿಂತ ಕಟ್ಟಡ. ರೂಪ ಬೇರೆ ಬೇರೆಯಾದರೂ ಕ್ರಮ ಕೈಗೊಳ್ಳುವ ದಾರಿ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಅದನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ.

ಆರಂಭದಲ್ಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆಸ್ತಿ ಖಾಸಗಿಯದಾಗಿರಬಹುದು, ಆದರೆ ಅದರಿಂದ ಹೊರಬೀಳುವ ಸೊಳ್ಳೆ, ಇಲಿ, ಬೆಂಕಿ, ಉರುಳುವ ಗೋಡೆ ಇವು ಯಾವುವೂ ಕಾಂಪೌಂಡಿನೊಳಗೆ ನಿಲ್ಲುವುದಿಲ್ಲ. ಹೀಗೆ ಒಬ್ಬರ ಆಸ್ತಿಯ ಸ್ಥಿತಿಯಿಂದ ಸುತ್ತಲಿನ ಜನರ ಆರೋಗ್ಯಕ್ಕೆ, ಸುರಕ್ಷತೆಗೆ ಅಥವಾ ನೆಮ್ಮದಿಗೆ ಆಗುವ ಹಾನಿಯನ್ನು ಕಾನೂನು ‘ಸಾರ್ವಜನಿಕ ಉಪದ್ರವ’ ಎಂದು ಕರೆಯುತ್ತದೆ. ದೂರು ಕೊಡುವಾಗ ಹಲವರಿಗೆ ತಾವು ಬೇರೆಯವರ ಮನೆ ವಿಚಾರಕ್ಕೆ ತಲೆಹಾಕುತ್ತಿದ್ದೇವೆ ಎಂಬ ಸಂಕೋಚವಿರುತ್ತದೆ. ಆ ಸಂಕೋಚ ಬೇಕಿಲ್ಲ. ನೀವು ಕೇಳುತ್ತಿರುವುದು ಅವರ ಆಸ್ತಿಯಲ್ಲಿ ಪಾಲನ್ನಲ್ಲ, ನಿಮ್ಮ ಮೇಲೆ ಬೀಳುತ್ತಿರುವ ಹಾನಿಯನ್ನು ನಿಲ್ಲಿಸಿ ಎಂದಷ್ಟೇ.

ಇದು ಬರೀ ನೋಟದ ಪ್ರಶ್ನೆಯೂ ಅಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಸಂಶೋಧಕರು 541 ಖಾಲಿ ನಿವೇಶನಗಳನ್ನು ಆರಿಸಿಕೊಂಡು, ಕೆಲವನ್ನು ಹಾಗೆಯೇ ಬಿಟ್ಟು, ಉಳಿದವುಗಳ ಪೈಕಿ ಹಲವನ್ನು ಕಸ ತೆಗೆದು, ನೆಲ ಸಮಮಾಡಿ, ಹುಲ್ಲು ಮತ್ತು ಕೆಲವು ಗಿಡ ನೆಟ್ಟು, ತಗ್ಗಿನ ಮರದ ಬೇಲಿ ಹಾಕಿ ನೋಡಿಕೊಂಡರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬಡತನ ಹೆಚ್ಚಿರುವ ಬಡಾವಣೆಗಳಲ್ಲಿ ಹೀಗೆ ಸುಧಾರಿಸಿದ ನಿವೇಶನಗಳ ಸುತ್ತ ಬಂದೂಕಿನ ಹಿಂಸಾಚಾರ ಶೇಕಡಾ 29ರಷ್ಟು ಇಳಿದಿತ್ತು. ಅಷ್ಟು ಸರಳವಾದ ಕೆಲಸದಿಂದ ಅಷ್ಟು ವ್ಯತ್ಯಾಸವಾಗುವುದಾದರೆ, ಅದನ್ನು ಮಾಡದೆ ಬಿಟ್ಟವರನ್ನು ಕೇಳುವ ಹಕ್ಕು ನೆರೆಯವರಿಗೆ ಖಂಡಿತ ಇದೆ.

ಕಾನೂನಿನ ಹೆಸರು, ಕಲಂ, ಕಾಲಾವಕಾಶ ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಆದರೆ ಚೌಕಟ್ಟು ಹೆಚ್ಚಿನ ಕಡೆಗಳಲ್ಲಿ ಇಷ್ಟೇ: ಮಾಲೀಕರಿಗೆ ಆಸ್ತಿಯನ್ನು ಸುಸ್ಥಿತಿಯಲ್ಲಿಡುವ ಹೊಣೆ ಇರುತ್ತದೆ; ತಪ್ಪಿದರೆ ಸ್ಥಳೀಯ ಆಡಳಿತವು ಪರಿಶೀಲಿಸಿ ನೋಟಿಸ್ ಕೊಡುತ್ತದೆ; ಗಡುವು ಮೀರಿದರೆ ದಂಡ ಹಾಕುತ್ತದೆ ಅಥವಾ ತಾನೇ ಕೆಲಸ ಮಾಡಿಸಿ ವೆಚ್ಚವನ್ನು ಮಾಲೀಕರಿಂದ ವಸೂಲು ಮಾಡುತ್ತದೆ; ಅದೂ ಆಗದಿದ್ದರೆ ನ್ಯಾಯಾಲಯವಿದೆ. ನಿಮ್ಮ ಕೆಲಸವೆಂದರೆ ಈ ಗಾಲಿಗಳು ನಿಲ್ಲದಂತೆ ನೋಡಿಕೊಳ್ಳುವುದು. ಅದಕ್ಕೆ ಬೇಕಾದದ್ದು ಏರುಧ್ವನಿಯಲ್ಲ, ದಿನಾಂಕವಿರುವ ಕಾಗದಗಳು.

ಹಂತ 1: ದೋಷಗಳನ್ನು ಒಂದೊಂದಾಗಿ ಗುರುತಿಸಿ

‘ಮನೆ ಅಸಹ್ಯವಾಗಿದೆ’, ‘ಬೀದಿಯ ಮರ್ಯಾದೆ ಹಾಳಾಗುತ್ತಿದೆ’ ಎಂಬಷ್ಟೇ ದೂರಿನ ಮೇಲೆ ಅಧಿಕಾರಿಗಳು ನೋಟಿಸ್ ಬರೆಯುವುದು ಕಷ್ಟ, ಏಕೆಂದರೆ ಹೆಚ್ಚಿನ ಕಡೆಗಳ ನಿಯಮಗಳಲ್ಲಿ ಅಸಹ್ಯ ಎನ್ನುವುದು ಇಲ್ಲ. ನಿಯಮದಲ್ಲಿರುವುದು ವಾಲಿದ ಗೋಡೆ, ಮುಚ್ಚಳವಿಲ್ಲದ ನೀರಿನ ತೊಟ್ಟಿ, ಬೇಲಿಯಿಲ್ಲದ ಬಾವಿ, ರಸ್ತೆಗೆ ಬಾಗಿದ ಒಣಮರ, ಒಡೆದ ಕೊಳಚೆ ಕೊಳವೆ, ಕಸದ ರಾಶಿ, ಯಾರು ಬೇಕಾದರೂ ನುಗ್ಗಬಹುದಾದ ತೆರೆದ ಬಾಗಿಲು. ಆದ್ದರಿಂದ ಒಂದು ಹಾಳೆ ತೆಗೆದುಕೊಂಡು, ಹೊರಗಿನಿಂದ ಕಾಣುವ ಪ್ರತಿಯೊಂದು ದೋಷವನ್ನೂ, ಅದು ಎಲ್ಲಿದೆ ಮತ್ತು ಅದರಿಂದ ಯಾರಿಗೆ ಏನು ಅಪಾಯ ಎಂಬುದನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ.

ನಂತರ ಪಟ್ಟಿಯನ್ನು ಎರಡಾಗಿ ಒಡೆಯಿರಿ. ಇಂದೋ ನಾಳೆಯೋ ಜೀವಕ್ಕೆ ಅಪಾಯ ತರುವಂಥವು ಒಂದು ಕಡೆ, ಉಳಿದವು ಇನ್ನೊಂದು ಕಡೆ. ಬಿರುಕು ದಿನದಿನಕ್ಕೆ ಅಗಲವಾಗುತ್ತಿರುವ ಗೋಡೆ, ಜೋತುಬಿದ್ದ ವಿದ್ಯುತ್ ತಂತಿ, ಹೊಗೆ, ಗ್ಯಾಸಿನ ವಾಸನೆ, ಮಕ್ಕಳು ಆಡುವ ಕಡೆ ಬಾಯ್ದೆರೆದ ಬಾವಿ ಇವುಗಳಿಗೆ ಕೆಳಗಿನ ಯಾವ ಹಂತವೂ ಅನ್ವಯಿಸುವುದಿಲ್ಲ. ಇವಕ್ಕೆ ಕೂಡಲೇ ಅಗ್ನಿಶಾಮಕ ದಳ, ವಿದ್ಯುತ್ ಸರಬರಾಜು ಸಂಸ್ಥೆ ಅಥವಾ ಪೊಲೀಸರಿಗೆ ಕರೆ ಮಾಡಬೇಕು. ಕರೆ ಮಾಡಿದ ಸಮಯವನ್ನು ಮಾತ್ರ ಬರೆದಿಟ್ಟುಕೊಳ್ಳಿ.

ಹಂತ 2: ದಾಖಲೆ ಪುಸ್ತಕ ಇಡಿ

ಇಡೀ ಪ್ರಕರಣ ನಿಲ್ಲುವುದು ಈ ಹಂತದ ಮೇಲೆ. ಆಮೇಲೆ ಬರುವ ಅಧಿಕಾರಿ, ವಕೀಲರು, ನ್ಯಾಯಾಧೀಶರು ಎಲ್ಲರೂ ಕೇಳುವುದು ಒಂದೇ: ಇದು ಎಷ್ಟು ಕಾಲದಿಂದ ಹೀಗಿದೆ, ಮಾಲೀಕರಿಗೆ ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೆ ಅವರು ಏನು ಮಾಡಿದರು? ನಿರ್ಲಕ್ಷ್ಯ ಎಂಬ ಪದಕ್ಕೆ ಕಾನೂನಿನಲ್ಲಿ ಅರ್ಥ ಬರುವುದು ಈ ಮೂರು ಪ್ರಶ್ನೆಗಳಿಗೆ ಉತ್ತರವಿದ್ದಾಗ.

ಒಂದು ಸಾಧಾರಣ ನೋಟ್‌ಬುಕ್ ಸಾಕು. ಪ್ರತಿ ನಮೂದಿನಲ್ಲಿ ದಿನಾಂಕ, ಸಮಯ, ಎಲ್ಲಿ ನಿಂತು ನೋಡಿದಿರಿ, ಏನು ಕಂಡಿರಿ ಎಂಬುದಷ್ಟೇ ಇರಲಿ. ಊಹೆ, ಸಿಟ್ಟು, ವಿಶೇಷಣ ಬೇಡ. ಒಳ್ಳೆಯ ನಮೂದು ಹೇಗಿರುತ್ತದೆ ಎಂಬುದಕ್ಕೆ ಒಂದು ಮಾದರಿ:

“ಜೂನ್ 4, ಬೆಳಿಗ್ಗೆ 7.20. ನಮ್ಮ ಮಹಡಿಯಲ್ಲಿ ನಿಂತು ನೋಡಿದ್ದು. ಹಿಂಭಾಗದ ಸಿಮೆಂಟ್ ತೊಟ್ಟಿಯ ಮುಚ್ಚಳ ಅರ್ಧ ಒಡೆದಿದೆ. ಸುಮಾರು ಒಂದು ಅಡಿ ನೀರು ನಿಂತಿದೆ. ಮೇ 21ರ ಫೋಟೊದಲ್ಲಿಯೂ ಮುಚ್ಚಳ ಹೀಗೆಯೇ ಇತ್ತು. ಇಂದು 3 ಫೋಟೊ ತೆಗೆದಿದೆ.”

ಈ ಆರು ಸಾಲು ‘ಸೊಳ್ಳೆ ಕಾಟ ತಡೆಯಲಾಗುತ್ತಿಲ್ಲ’ ಎಂಬ ಆರು ಪುಟದ ದೂರಿಗಿಂತ ಹೆಚ್ಚು ತೂಗುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿತು ಹಾರಲು ಅನುಕೂಲ ಹವೆಯಲ್ಲಿ 7ರಿಂದ 10 ದಿನ ಸಾಕು ಎಂಬುದನ್ನು ನೆನಪಿಟ್ಟುಕೊಂಡರೆ, ಮೇ 21ಕ್ಕೂ ಜೂನ್ 4ಕ್ಕೂ ನಡುವಿನ ಹದಿನಾಲ್ಕು ದಿನಗಳ ಅರ್ಥ ಆರೋಗ್ಯ ಇಲಾಖೆಗೆ ತಾನಾಗಿಯೇ ತಿಳಿಯುತ್ತದೆ. ಇನ್ನೊಂದು ಮಾತು: ಈ ಸೊಳ್ಳೆಯ ಮೊಟ್ಟೆಗಳು ತೊಟ್ಟಿಯ ಒಳಗೋಡೆಗೆ ಅಂಟಿಕೊಂಡು, ನೀರಿಲ್ಲದೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರಬಲ್ಲವು. ಆದ್ದರಿಂದ ಒಮ್ಮೆ ನೀರು ಚೆಲ್ಲಿದ್ದನ್ನೇ ಪರಿಹಾರವೆಂದು ಒಪ್ಪಿಕೊಳ್ಳಬೇಡಿ. ತೊಟ್ಟಿಯ ಗೋಡೆ ಉಜ್ಜಿ ತೊಳೆದು, ಮುಚ್ಚಳ ಹಾಕಿಸಬೇಕೆಂದು ಕೇಳಿ.

ಫೋಟೊ ತೆಗೆಯುವಾಗ ಪ್ರತಿ ಬಾರಿಯೂ ಅದೇ ಜಾಗದಲ್ಲಿ ನಿಂತು, ಮೊದಲು ಮನೆ ಮತ್ತು ರಸ್ತೆ ಎರಡೂ ಕಾಣುವಂತೆ ದೂರದಿಂದ ಒಂದು, ನಂತರ ದೋಷವಿರುವ ಭಾಗದ್ದೊಂದು, ಕೊನೆಗೆ ದೋಷದ್ದೇ ಹತ್ತಿರದ್ದೊಂದು ತೆಗೆಯಿರಿ. ಹತ್ತಿರದ ಫೋಟೊ ಮಾತ್ರ ಇದ್ದರೆ ಅದು ಯಾವ ಮನೆಯ ಬಿರುಕು ಎಂದು ಯಾರಿಗೂ ತಿಳಿಯುವುದಿಲ್ಲ.

ಈ ಹಂತದಲ್ಲಿ ಜನ ಸಾಮಾನ್ಯವಾಗಿ ಎಡವುವುದು ಮೂರು ಕಡೆ. ಮೊದಲನೆಯದು, ಕಾಂಪೌಂಡ್ ದಾಟಿ ಒಳಹೋಗುವುದು. ಬಾಗಿಲು ತೆರೆದಿದ್ದರೂ, ಮನೆ ಬಿದ್ದುಹೋಗಿದ್ದರೂ ಅದು ಅತಿಕ್ರಮ ಪ್ರವೇಶವೇ, ಅಂದರೆ ಅನುಮತಿಯಿಲ್ಲದೆ ಪರರ ಜಾಗಕ್ಕೆ ಕಾಲಿಡುವ ಕಾನೂನುಬಾಹಿರ ಕೃತ್ಯ. ಜೊತೆಗೆ ಟೊಳ್ಳಾದ ನೆಲ, ಹಾವು, ಗಾಜು ಇವುಗಳ ಅಪಾಯ ಬೇರೆ. ಸಾರ್ವಜನಿಕ ರಸ್ತೆಯಿಂದ ಅಥವಾ ನಿಮ್ಮದೇ ಮಹಡಿಯಿಂದ ಕಾಣುವುದಷ್ಟನ್ನೇ ದಾಖಲಿಸಿ. ಎರಡನೆಯದು, ಫೋಟೊಗಳನ್ನು ವಾಟ್ಸಾಪಿನಲ್ಲಿ ಕಳುಹಿಸಿ ಮೂಲ ಪ್ರತಿಯನ್ನು ಅಳಿಸಿಬಿಡುವುದು. ಹಾಗೆ ಕಳುಹಿಸಿದ ಚಿತ್ರ ಸಣ್ಣದಾಗುತ್ತದೆ, ಅದರೊಳಗೆ ಅಡಗಿರುವ ದಿನಾಂಕ ಮತ್ತು ಸ್ಥಳದ ಮಾಹಿತಿಯೂ ಕಳಚಿಹೋಗುತ್ತದೆ. ಮೂಲ ಕಡತವನ್ನು ಬೇರೆಯಾಗಿ ಉಳಿಸಿಕೊಳ್ಳಿ. ಮೂರನೆಯದು, ಪಾಳುಮನೆಯಲ್ಲಿ ಆಸರೆ ಪಡೆದಿರುವ ಬಡವರ ಮುಖಗಳನ್ನು ಚಿತ್ರಿಸಿ ಎಲ್ಲೆಡೆ ಹಂಚುವುದು. ನಿಮ್ಮ ದೂರು ಮಾಲೀಕರ ಮೇಲಿನದು. ತಲೆಗೆ ಸೂರಿಲ್ಲದೆ ಅಲ್ಲಿ ಮಲಗುವವರನ್ನು ಅಪರಾಧಿಗಳೆಂದು ಬಿಂಬಿಸುವುದು ಅನ್ಯಾಯ. ಅವರ ಬಗ್ಗೆ ಸಮಾಜ ಕಲ್ಯಾಣದ ಹೊಣೆ ಹೊತ್ತ ಇಲಾಖೆಗೆ ಬೇರೆಯಾಗಿ ತಿಳಿಸಿ.

ಹಂತ 3: ನಿಜವಾದ ಮಾಲೀಕರು ಯಾರೆಂದು ಪತ್ತೆಹಚ್ಚಿ

ನೋಟಿಸ್ ಸರಿಯಾದ ವ್ಯಕ್ತಿಯ ಕೈಸೇರದಿದ್ದರೆ ಮುಂದಿನದೆಲ್ಲ ಬಿದ್ದುಹೋಗುತ್ತದೆ. ತಮಗೆ ನೋಟಿಸೇ ಬಂದಿರಲಿಲ್ಲ ಎಂಬುದು ನಿರ್ಲಕ್ಷ್ಯ ತೋರಿದ ಮಾಲೀಕರು ಮೊದಲಿಗೆ ಹಿಡಿಯುವ ಆಸರೆ. ಹಾಗಾಗಿ ಇಲ್ಲಿ ಸಮಯ ಕೊಡುವುದು ವ್ಯರ್ಥವಲ್ಲ.

ಆಸ್ತಿ ತೆರಿಗೆಯ ದಾಖಲೆಯಿಂದ ಆರಂಭಿಸಿ, ನಂತರ ನೋಂದಣಿ ಕಚೇರಿಯ ದಾಖಲೆ ನೋಡಿ. ತೆರಿಗೆ ದಾಖಲೆಯಲ್ಲಿರುವುದು ತೆರಿಗೆ ಕಟ್ಟುವವರ ಹೆಸರು ಮಾತ್ರ; ಅವರು ಆಸ್ತಿಯನ್ನು ಮಾರಿ ವರ್ಷಗಳಾಗಿರಬಹುದು, ತೀರಿಕೊಂಡೂ ಇರಬಹುದು. ಹಕ್ಕು ಯಾರದೆಂದು ಹೇಳುವುದು ನೋಂದಾಯಿತ ಪತ್ರಗಳು. ಆಸ್ತಿಯ ಮೇಲೆ ಸಾಲ, ಅಡಮಾನ, ಹಿಂದಿನ ಮಾರಾಟ ಏನೇನಿದೆ ಎಂದು ತೋರಿಸುವ ದಾಖಲೆಯನ್ನು ‘ಋಣಭಾರ ಪತ್ರ’ ಎನ್ನುತ್ತಾರೆ. ಇದು ಬಹಳ ಉಪಯುಕ್ತ, ಏಕೆಂದರೆ ಅಡಮಾನ ಇಟ್ಟುಕೊಂಡ ಬ್ಯಾಂಕಿಗೂ ಆಸ್ತಿ ಹಾಳಾಗದಿರುವುದರಲ್ಲಿ ಹಿತವಿರುತ್ತದೆ ಮತ್ತು ಮಾಲೀಕರು ಕಿವಿಗೊಡದಿದ್ದಾಗ ಬ್ಯಾಂಕಿನ ಒಂದು ಪತ್ರ ಕೆಲಸ ಮಾಡಬಹುದು.

ಮಾಲೀಕರು ಎಂಥವರು ಎಂಬುದರ ಮೇಲೆ ಮುಂದಿನ ನಡೆ ನಿಂತಿದೆ. ಮಾಲೀಕರು ತೀರಿಕೊಂಡು ಪಾಲು ಇತ್ಯರ್ಥವಾಗದಿದ್ದರೆ, ಎಲ್ಲ ವಾರಸುದಾರರಿಗೂ ಪ್ರತ್ಯೇಕವಾಗಿ ಪತ್ರ ಹೋಗಬೇಕು. ಒಬ್ಬರಿಗೆ ಮಾತ್ರ ಬರೆದರೆ ಅವರು ಉಳಿದವರತ್ತ ಬೆರಳು ತೋರಿಸುತ್ತಾರೆ. ಮಾಲೀಕತ್ವ ಕಂಪನಿಯದಾಗಿದ್ದರೆ ಕಂಪನಿಗಳ ನೋಂದಣಿ ದಾಖಲೆಯಲ್ಲಿ ನೋಂದಾಯಿತ ಕಚೇರಿಯ ವಿಳಾಸ ಮತ್ತು ನಿರ್ದೇಶಕರ ಹೆಸರು ಸಿಗುತ್ತವೆ. ಆಸ್ತಿ ವ್ಯಾಜ್ಯದಲ್ಲಿದ್ದರೆ ಪ್ರಕರಣದ ಸಂಖ್ಯೆ ತಿಳಿದುಕೊಳ್ಳಿ. ಹಕ್ಕಿನ ವ್ಯಾಜ್ಯ ನಡೆಯುತ್ತಿದೆ ಎಂಬ ಒಂದೇ ಕಾರಣಕ್ಕೆ ಅಪಾಯಕಾರಿ ಗೋಡೆಯನ್ನು ಹಾಗೆಯೇ ಬಿಡಬೇಕಾಗಿಲ್ಲ, ಆದರೆ ಆ ನ್ಯಾಯಾಲಯ ಹೊರಡಿಸಿದ ತಡೆಯಾಜ್ಞೆ, ಅಂದರೆ ಇರುವ ಸ್ಥಿತಿಯನ್ನು ಬದಲಿಸಬಾರದೆಂಬ ಆದೇಶ ಇದ್ದರೆ ಅಲ್ಲಿಯೇ ಅನುಮತಿ ಕೇಳಬೇಕಾಗುತ್ತದೆ. ಕೊನೆಯದಾಗಿ, ಜಾಗ ಸರ್ಕಾರದ್ದೇ ಆಗಿರುವ ಸಾಧ್ಯತೆಯನ್ನು ಮರೆಯಬೇಡಿ.

ಎಚ್ಚರಿಕೆ: ಪತ್ತೆಯಾದ ಹೆಸರನ್ನಾಗಲಿ, ಮನೆ ವಿಳಾಸವನ್ನಾಗಲಿ ಬಡಾವಣೆಯ ಗುಂಪಿನಲ್ಲಿ ಹಾಕಬೇಡಿ. ಒಂದೇ ಹೆಸರಿನ ಬೇರೆಯವರಿಗೆ ತೊಂದರೆಯಾಗಬಹುದು, ಮಾನನಷ್ಟದ ಮೊಕದ್ದಮೆ ನಿಮ್ಮ ಮೇಲೆಯೇ ತಿರುಗಬಹುದು.

ಹಂತ 4: ಮಾಲೀಕರಿಗೆ ನೀವೇ ಮೊದಲು ಬರೆಯಿರಿ

ನೇರವಾಗಿ ದೂರು ಕೊಡುವುದು ಬಿಟ್ಟು ಇದೇಕೆ ಎಂದು ಕೆಲವರು ಕೇಳುತ್ತಾರೆ. ಕಾರಣಗಳು ಎರಡು. ಮಾಡಲಾಗದವರೂ ಮಾಡಲೊಲ್ಲದವರೂ ಒಂದೇ ಅಲ್ಲ. ಹಾಸಿಗೆ ಹಿಡಿದ ವೃದ್ಧೆಗೆ, ಊರು ಬಿಟ್ಟು ದುಡಿಯಲು ಹೋಗಿ ಸಾಲದಲ್ಲಿ ಸಿಲುಕಿದವರಿಗೆ ದಂಡ ಹಾಕಿಸಿದರೆ ಗೋಡೆ ರಿಪೇರಿಯಾಗುವುದಿಲ್ಲ, ರಿಪೇರಿಗೆ ಉಳಿದಿದ್ದ ಹಣವೂ ದಂಡಕ್ಕೆ ಹೋಗುತ್ತದೆ. ಅಂಥವರಿಗೆ ಬೇಕಾದದ್ದು ಕಾಲಾವಕಾಶ, ಕೆಲಸದವರನ್ನು ಗೊತ್ತುಮಾಡಿಕೊಡುವ ಸಹಾಯ, ಮಾರುವ ಮನಸ್ಸಿದ್ದರೆ ಮಾರಲು ನೆರವು. ಬೆಲೆ ಏರಲಿ ಎಂದು ಕಾಯುತ್ತಾ ಕಸದ ರಾಶಿಯ ಮೇಲೆ ಕೂತಿರುವವರ ವಿಷಯ ಬೇರೆ. ಯಾರು ಯಾವ ಬಗೆಯವರು ಎಂಬುದು ಅವರ ಉತ್ತರದಿಂದ, ಅಥವಾ ಉತ್ತರವೇ ಬಾರದಿರುವುದರಿಂದ ತಿಳಿಯುತ್ತದೆ. ಎರಡನೆಯ ಕಾರಣ, ಈ ಪತ್ರದ ದಿನಾಂಕದಿಂದ ಮಾಲೀಕರಿಗೆ ವಿಷಯ ತಿಳಿದಿತ್ತು ಎಂಬುದಕ್ಕೆ ಪುರಾವೆ ಹುಟ್ಟುತ್ತದೆ.

ಪತ್ರ ಒಂದು ಪುಟ ಮೀರದಿರಲಿ. ಮಾದರಿಯಾಗಿ ಇದನ್ನು ಬಳಸಬಹುದು:

“ಮಾನ್ಯರೇ, ತಮ್ಮ ಹೆಸರಿನಲ್ಲಿರುವ ಈ ಕೆಳಗಿನ ವಿಳಾಸದ ಮನೆಯ ಪೂರ್ವದ ಗೋಡೆ ರಸ್ತೆಯ ಕಡೆಗೆ ವಾಲಿದೆ. ಹಿಂಭಾಗದ ತೊಟ್ಟಿ ತೆರೆದಿದ್ದು ಅದರಲ್ಲಿ ನೀರು ನಿಂತಿದೆ. ಫೋಟೊಗಳನ್ನು ಲಗತ್ತಿಸಿದ್ದೇವೆ. ಗೋಡೆಗೆ ಆಧಾರ ಕೊಡಿಸುವುದನ್ನೂ ತೊಟ್ಟಿಯನ್ನು ಮುಚ್ಚಿಸುವುದನ್ನೂ 15 ದಿನಗಳೊಳಗೆ ಮಾಡಿಸಬೇಕೆಂದು ಕೋರುತ್ತೇವೆ. ತಮಗೆ ಅಡಚಣೆಯೇನಾದರೂ ಇದ್ದರೆ ತಿಳಿಸಿ, ನಮ್ಮಿಂದಾಗುವ ಸಹಕಾರ ನೀಡುತ್ತೇವೆ. ಈ ಅವಧಿಯಲ್ಲಿ ಉತ್ತರ ಬಾರದಿದ್ದರೆ ಸ್ಥಳೀಯ ಆಡಳಿತಕ್ಕೆ ದೂರು ಸಲ್ಲಿಸುವುದು ನಮಗೆ ಅನಿವಾರ್ಯವಾಗುತ್ತದೆ.”

ಇದನ್ನು ತಲುಪಿದ್ದಕ್ಕೆ ಪುರಾವೆ ಸಿಗುವ ಅಂಚೆಯಲ್ಲೇ ಕಳುಹಿಸಿ. ಲಕೋಟೆ ‘ವಿಳಾಸದಾರರು ಇಲ್ಲ’ ಎಂದು ವಾಪಸು ಬಂದರೆ ಅದನ್ನು ಒಡೆಯದೆ ಹಾಗೆಯೇ ಇಟ್ಟುಕೊಳ್ಳಿ, ಮುದ್ರೆಯಿರುವ ಆ ಲಕೋಟೆಯೂ ಪುರಾವೆಯೇ. ಪತ್ರದಲ್ಲಿ ಬೆದರಿಕೆ ಬೇಡ. ಅದೇ ಪತ್ರದಲ್ಲಿ ‘ಮಾರುವುದಿದ್ದರೆ ನಮಗೇ ಕೊಡಿ’ ಎಂದೂ ಬರೆಯಬೇಡಿ. ಮುಂದೆ ಅದನ್ನು ತೋರಿಸಿ, ಆಸ್ತಿ ಲಪಟಾಯಿಸಲು ಈ ದೂರು ಎಂದು ಅವರ ವಕೀಲರು ವಾದಿಸುತ್ತಾರೆ. ಮಾಲೀಕರಿಂದ ಅಥವಾ ಅವರ ಕಡೆಯವರಿಂದ ನಿಮಗೆ ಹಾನಿಯಾಗುವ ಭಯವಿದ್ದರೆ ಈ ಹಂತವನ್ನು ಬಿಟ್ಟು ಮುಂದಕ್ಕೆ ಹೋಗಿ.

ಹಂತ 5: ನೆರೆಹೊರೆಯವರನ್ನು ಜೊತೆಗೂಡಿಸಿ

ಒಬ್ಬರೇ ದೂರು ಕೊಟ್ಟರೆ ಅದು ಅಕ್ಕಪಕ್ಕದವರ ಜಗಳದಂತೆ ಕಾಣುತ್ತದೆ. ಏಳೆಂಟು ಮನೆಯವರು ಕೊಟ್ಟರೆ ಬಡಾವಣೆಯ ಸಮಸ್ಯೆಯಾಗುತ್ತದೆ. ಸಹಿ ಸಂಗ್ರಹಕ್ಕಿಂತ ಒಬ್ಬೊಬ್ಬರೂ ತಮಗಾದ ತೊಂದರೆಯನ್ನು ತಮ್ಮದೇ ಮಾತಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ ಬೆಲೆ ಹೆಚ್ಚು. ಕಚೇರಿಗೆ ಅಲೆಯುವುದು, ದಾಖಲೆ ಪುಸ್ತಕ ಬರೆಯುವುದು, ಫೋಟೊ ತೆಗೆಯುವುದು ಹಂಚಿಕೆಯಾಗಲಿ.

ಹಂತ 6: ಸ್ಥಳೀಯ ಆಡಳಿತಕ್ಕೆ ದೂರು, ಅದರ ಬೆನ್ನುಹತ್ತುವಿಕೆ

ಹತ್ತು ದೋಷಗಳನ್ನು ಒಂದೇ ಅರ್ಜಿಯಲ್ಲಿ ತುಂಬಿ ಕೊಡುವುದು ಇಲ್ಲಿ ಜನ ಮಾಡುವ ದೊಡ್ಡ ತಪ್ಪು. ಆ ಅರ್ಜಿ ಯಾವುದಾದರೂ ಒಂದು ಶಾಖೆಗೆ ಹೋಗುತ್ತದೆ. ಅವರು ತಮಗೆ ಸಂಬಂಧಿಸಿದ ಒಂದನ್ನು ನೋಡಿ ಕಡತ ಮುಚ್ಚುತ್ತಾರೆ. ವಾಲಿದ ಗೋಡೆ ಕಟ್ಟಡ ಅಥವಾ ಎಂಜಿನಿಯರಿಂಗ್ ಶಾಖೆಗೆ, ನಿಂತ ನೀರು ಆರೋಗ್ಯ ಶಾಖೆಗೆ, ಕಸ ಘನತ್ಯಾಜ್ಯ ಶಾಖೆಗೆ, ಒಣಮರ ಅರಣ್ಯ ಅಥವಾ ತೋಟಗಾರಿಕೆಯವರಿಗೆ, ಒಣಹುಲ್ಲು ಅಗ್ನಿಶಾಮಕದವರಿಗೆ ಹೀಗೆ ಬೇರೆ ಬೇರೆ ಅರ್ಜಿ ಬರೆದು, ಪ್ರತಿಯೊಂದರಲ್ಲೂ ಉಳಿದವುಗಳ ಉಲ್ಲೇಖ ಕೊಡಿ. ಪ್ರತಿ ಅರ್ಜಿಯಲ್ಲಿ ನಾಲ್ಕು ಅಂಶ ಇರಲೇಬೇಕು: ಒಂದು ದೋಷ, ಅದಕ್ಕೆ ಅನ್ವಯಿಸುವ ಸ್ಥಳೀಯ ನಿಯಮ, ನೀವು ಕೋರುವ ಕ್ರಮ, ಉತ್ತರ ಬೇಕಾದ ದಿನಾಂಕ.

ಅರ್ಜಿ ಕೊಟ್ಟು ಬರಿಗೈಯಲ್ಲಿ ಬರಬೇಡಿ. ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಇದಕ್ಕೆ ‘ಸ್ವೀಕೃತಿ’ ಎನ್ನುತ್ತಾರೆ. ಆನ್‌ಲೈನ್ ದೂರಾದರೆ ಸಂಖ್ಯೆಯಿರುವ ಪರದೆಯ ಚಿತ್ರ ಉಳಿಸಿಕೊಳ್ಳಿ. ನಂತರ ಕೇಳಬೇಕಾದದ್ದು ‘ಕೆಲಸ ಎಲ್ಲಿಗೆ ಬಂತು’ ಎಂದಲ್ಲ. ಸ್ಥಳ ಪರಿಶೀಲನೆ ಯಾವ ದಿನ ನಡೆಯಿತು, ವರದಿಯಲ್ಲಿ ಏನು ಬರೆದಿದೆ, ನೋಟಿಸ್ ಯಾರಿಗೆ ಯಾವಾಗ ಜಾರಿಯಾಯಿತು, ಅದರ ಗಡುವು ಯಾವಾಗ ಮುಗಿಯುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಲಿಖಿತವಾಗಿ ಕೇಳಿ. ಮೌಖಿಕ ಭರವಸೆ ಸಿಕ್ಕಿದರೆ, ಅಂದೇ ಸಂಜೆ “ಇಂದು ತಾವು ಹೀಗೆ ತಿಳಿಸಿದಿರಿ” ಎಂದು ಒಂದು ಇಮೇಲ್ ಕಳುಹಿಸಿ ಅದನ್ನು ಬರಹಕ್ಕೆ ಇಳಿಸಿಬಿಡಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಕಾನೂನನ್ನು ಬಳಸಿ. ಭಾರತದಲ್ಲಿ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಕೊಡಬೇಕು. ಇಂಥ ಕಾನೂನು ಇಂದು ಹಲವು ದೇಶಗಳಲ್ಲಿದೆ. ಪರಿಶೀಲನಾ ವರದಿಯ ಪ್ರತಿಯನ್ನೇ ಕೇಳುವುದು ಲೇಸು, ಏಕೆಂದರೆ ಪರಿಶೀಲನೆ ನಡೆಯದಿದ್ದರೆ ಆ ಸತ್ಯವೂ ಆಗ ಹೊರಬರುತ್ತದೆ.

ಎಷ್ಟೋ ಬಾರಿ ದೂರಿನ ಮುಂದೆ ‘ಇತ್ಯರ್ಥವಾಗಿದೆ’ ಎಂದು ಬರೆದುಬಿಟ್ಟಿರುತ್ತಾರೆ, ಸ್ಥಳದಲ್ಲಿ ಮಾತ್ರ ಏನೂ ಬದಲಾಗಿರುವುದಿಲ್ಲ. ಎದೆಗುಂದಬೇಡಿ. ಅಂದಿನ ದಿನಾಂಕದ ಫೋಟೊ ಲಗತ್ತಿಸಿ, ಹಳೆಯ ಸಂಖ್ಯೆ ನಮೂದಿಸಿ, ಮೇಲಧಿಕಾರಿಗೆ ಮೇಲ್ಮನವಿ ಸಲ್ಲಿಸಿ.

‘ನಮ್ಮಲ್ಲಿ ಹಣವಿಲ್ಲ’ ಎಂಬ ಉತ್ತರವೂ ಬರಬಹುದು. ಮಧ್ಯಪ್ರದೇಶದ ರತ್ಲಾಮಿನ ನಿವಾಸಿಗಳು ತೆರೆದ ಚರಂಡಿ ಮತ್ತು ಹೊಲಸಿನ ವಿರುದ್ಧ ಮ್ಯಾಜಿಸ್ಟ್ರೇಟರ ಬಳಿ ಹೋದಾಗ ಅಲ್ಲಿನ ಪುರಸಭೆ ಇದೇ ಮಾತು ಹೇಳಿತ್ತು. 1980ರಲ್ಲಿ ಭಾರತದ ಸುಪ್ರೀಂ ಕೋರ್ಟ್, ಹಣದ ಕೊರತೆಯ ನೆಪದಿಂದ ಸ್ಥಳೀಯ ಸಂಸ್ಥೆ ತನ್ನ ಶಾಸನಬದ್ಧ ಕರ್ತವ್ಯದಿಂದ ನುಣುಚಿಕೊಳ್ಳುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಸಾಮಾನ್ಯ ನಿವಾಸಿಗಳು ಹಿಡಿದ ಹಟದಿಂದ ಬಂದ ತೀರ್ಪು ಅದು ಎಂಬ ಕಾರಣಕ್ಕೆ ನನಗೆ ಅದರ ಮೇಲೆ ವಿಶೇಷ ಗೌರವವಿದೆ.

ಹಂತ 7: ಗಡುವು ಮೀರಿದ ಮೇಲೆ ಆಡಳಿತ ಏನು ಮಾಡಬಹುದು?

ಬರೀ ದಂಡ ಹಾಕಿಸಿ ತೃಪ್ತರಾಗಬೇಡಿ. ಬೆಲೆಬಾಳುವ ಜಾಗದ ಮಾಲೀಕರಿಗೆ ಸಣ್ಣ ದಂಡ ಕಟ್ಟುವುದು ರಿಪೇರಿಗಿಂತ ಅಗ್ಗ. ಆಡಳಿತವೇ ಕೆಲಸ ಮಾಡಿಸಿ, ವೆಚ್ಚವನ್ನು ಮಾಲೀಕರಿಂದ ವಸೂಲು ಮಾಡಬೇಕೆಂದು ಕೇಳಿ. ಇಂಗ್ಲೆಂಡಿನಲ್ಲಿ 1990ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆಯ 215ನೇ ಕಲಂ, ಸುತ್ತಲಿನ ಪರಿಸರದ ಅಂದಗೆಡಿಸುವ ಜಾಗವನ್ನು ಸರಿಪಡಿಸುವಂತೆ ನೋಟಿಸ್ ಕೊಡುವ ಅಧಿಕಾರ ನೀಡುತ್ತದೆ. ಮಾಲೀಕರು ಮಾಡದಿದ್ದರೆ 219ನೇ ಕಲಮಿನಡಿ ಆಡಳಿತವೇ ಒಳಹೊಕ್ಕು ಕೆಲಸ ಮುಗಿಸಿ ಖರ್ಚನ್ನು ವಸೂಲು ಮಾಡಬಹುದು. ಈ ವೆಚ್ಚವನ್ನು ಆಸ್ತಿಯ ಮೇಲಿನ ‘ಬೋಜಾ’ ಆಗಿ, ಅಂದರೆ ಆಸ್ತಿ ಮಾರುವಾಗ ಮೊದಲು ತೀರಿಸಲೇಬೇಕಾದ ಹೊರೆಯಾಗಿ ದಾಖಲಿಸುವ ಅವಕಾಶ ನಿಮ್ಮ ಊರಿನ ಕಾನೂನಿನಲ್ಲಿದೆಯೇ ಎಂದು ವಿಚಾರಿಸಿ. ಬೆಲೆ ಏರಲೆಂದು ಕಾಯುವ ಮಾಲೀಕರನ್ನು ಎಚ್ಚರಿಸುವುದು ಇದೇ.

ನೀವು ಕೋರುವ ಕೆಲಸ ಸ್ಪಷ್ಟವಾಗಿರಲಿ. ಫಿಲಡೆಲ್ಫಿಯಾ 2011ರಲ್ಲಿ ಜಾರಿಗೊಳಿಸಲು ಆರಂಭಿಸಿದ ನಿಯಮವೊಂದು, ಹೆಚ್ಚಿನ ಮನೆಗಳಲ್ಲಿ ಜನ ವಾಸವಿರುವ ಬೀದಿಯ ಪಾಳು ಕಟ್ಟಡಗಳಿಗೆ ಹಲಗೆ ಬಡಿದು ಮುಚ್ಚಿದರೆ ಸಾಲದು, ನಿಜವಾದ ಬಾಗಿಲು ಮತ್ತು ಕಿಟಕಿಗಳನ್ನೇ ಹಾಕಿಸಬೇಕು ಎಂದಿತು. ಹಾಗೆ ಹಾಕಿಸಿದ ಕಟ್ಟಡಗಳ ಸುತ್ತ ಹಲ್ಲೆಯ ಪ್ರಕರಣಗಳು ಇಳಿದದ್ದನ್ನು ಮುಂದಿನ ಅಧ್ಯಯನವೊಂದು ಕಂಡಿತು. ಹಲಗೆ ಬಡಿದ ಮನೆ ಎಲ್ಲರಿಗೂ ‘ಇಲ್ಲಿ ಕೇಳುವವರಿಲ್ಲ’ ಎಂದು ಸಾರಿ ಹೇಳುತ್ತದೆ.

ಕೆಲವು ಕಡೆ ಇನ್ನೂ ಬಲವಾದ ಉಪಾಯವಿದೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 2008ರ ಕಾಯಿದೆಯಂತೆ, ಪಾಳುಬಿದ್ದ ಕಟ್ಟಡವನ್ನು ದುರಸ್ತಿ ಮಾಡಿಸಲು ನ್ಯಾಯಾಲಯವು ಒಬ್ಬ ‘ಪಾಲಕ’ರನ್ನು ನೇಮಿಸಬಹುದು, ಪಾಲಕರೆಂದರೆ ಮಾಲೀಕತ್ವ ಪಡೆಯದೆ, ನ್ಯಾಯಾಲಯದ ಕಣ್ಗಾವಲಿನಲ್ಲಿ ಆಸ್ತಿಯನ್ನು ಸರಿಪಡಿಸುವವರು. ಇಂಗ್ಲೆಂಡಿನ 2004ರ ವಸತಿ ಕಾಯಿದೆಯಡಿ, ದೀರ್ಘಕಾಲ ಖಾಲಿ ಬಿದ್ದಿರುವ ಮನೆಯ ನಿರ್ವಹಣೆಯನ್ನು ಸ್ಥಳೀಯ ಆಡಳಿತವೇ ನಿಗದಿತ ಅವಧಿಗೆ ವಹಿಸಿಕೊಳ್ಳಬಹುದು. ಇಂಥ ಅಧಿಕಾರವನ್ನು ಬಡ ಅಥವಾ ವಯಸ್ಸಾದ ಮಾಲೀಕರಿಂದ ಆಸ್ತಿ ಕಿತ್ತುಕೊಳ್ಳುವ ಸಾಧನವಾಗಿ ಬಳಸುವ ಲಾಭಕೋರರೂ ಇರುತ್ತಾರೆ. ನಿಮ್ಮ ಹೋರಾಟದ ಬೆನ್ನಿಗೆ ಅಂಥವರು ನಿಂತಿಲ್ಲವೆಂದು ಖಚಿತಪಡಿಸಿಕೊಳ್ಳಿ.

‘ಕೆಡವಿಸಿಬಿಡಿ’ ಎಂದು ಮೊದಲೇ ಕೇಳುವುದು ಒಳ್ಳೆಯದಲ್ಲ. ಕೆಡವಿದ ಜಾಗವನ್ನು ಯಾರೂ ನೋಡಿಕೊಳ್ಳದಿದ್ದರೆ ಪಾಳುಮನೆ ಹೋಗಿ ಕಸದ ಗುಂಡಿ ಬರುತ್ತದೆ. ಒಳಗೆ ಯಾರಾದರೂ ವಾಸವಿದ್ದರೆ ಅವರಿಗೆ ಬೇರೆ ನೆಲೆ ಸಿಗಬೇಕು. ಹಳೆಯ ಕಟ್ಟಡಗಳ ಚಾವಣಿಯಲ್ಲಿ ಕಲ್ನಾರಿನ (ಆಸ್ಬೆಸ್ಟಾಸ್) ಹಾಳೆಗಳಿದ್ದರೆ, ಅವುಗಳನ್ನು ಒಡೆದಾಗ ಹಾರುವ ನಾರಿನ ಧೂಳು ಕ್ಯಾನ್ಸರ್ ತರಬಲ್ಲದು. ಆ ಕೆಲಸವನ್ನು ಬಲ್ಲವರೇ ಮಾಡಬೇಕು, ನೀವಂತೂ ಅವನ್ನು ಮುಟ್ಟಲೇಬಾರದು.

ಹಂತ 8: ನ್ಯಾಯಾಲಯ

ಇಲ್ಲಿಗೆ ಬರುವ ಹೊತ್ತಿಗೆ ನಿಮ್ಮ ಕೈಯಲ್ಲಿ ದಾಖಲೆ ಪುಸ್ತಕ, ಮಾಲೀಕರಿಗೆ ಬರೆದ ಪತ್ರ, ಸ್ವೀಕೃತಿಗಳು, ಉತ್ತರಗಳು ಎಲ್ಲ ದಿನಾಂಕದ ಕ್ರಮದಲ್ಲಿರಬೇಕು. ವಕೀಲರನ್ನು ಕಾಣುವ ಮೊದಲು ಒಂದು ಪುಟದಲ್ಲಿ ಘಟನೆಗಳ ಪಟ್ಟಿ ಮಾಡಿಕೊಂಡು ಹೋಗಿ. ವಕೀಲರ ಶುಲ್ಕ ಭರಿಸಲಾಗದವರು ಉಚಿತ ಕಾನೂನು ನೆರವು ಸಿಗುವುದೇ ಎಂದು ವಿಚಾರಿಸಬೇಕು.

ದಾರಿಗಳು ಬಹುತೇಕ ಕಡೆ ಎರಡು ಬಗೆಯವು. ಒಂದು, ಎಲ್ಲರಿಗೂ ಆಗುವ ಉಪದ್ರವವನ್ನು ತೆಗೆಸುವುದು. ಭಾರತದ ಉದಾಹರಣೆ ನೋಡುವುದಾದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ, ಅಂದರೆ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನ ಜಾಗಕ್ಕೆ ಬಂದ ಕಲಮಿನಡಿ, ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ‘ಷರತ್ತುಬದ್ಧ ಆದೇಶ’ ಹೊರಡಿಸಬಹುದು. ಇಂತಿಷ್ಟು ದಿನದೊಳಗೆ ದೋಷ ಸರಿಪಡಿಸಿ, ಇಲ್ಲವೇ ಹಾಜರಾಗಿ ಏಕೆ ಸರಿಪಡಿಸಬೇಕಿಲ್ಲ ಎಂದು ಕಾರಣ ಹೇಳಿ ಎಂಬುದು ಅದರ ಷರತ್ತು. ಬೀಳುವಂತಿರುವ ಕಟ್ಟಡ ಮತ್ತು ಮರ, ದಾರಿಯ ಪಕ್ಕದ ಬೇಲಿಯಿಲ್ಲದ ಬಾವಿ ಅಥವಾ ಗುಂಡಿ ಇವು ಆ ಕಲಮಿನಲ್ಲಿಯೇ ಹೆಸರಿಸಲಾದ ಸಂಗತಿಗಳು. ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಕಲಂ ಪ್ರಕಾರ, ತಮಗೆ ವಿಶೇಷ ಹಾನಿಯಾಗದಿದ್ದರೂ ಇಬ್ಬರು ಅಥವಾ ಹೆಚ್ಚು ಮಂದಿ ನ್ಯಾಯಾಲಯದ ಅನುಮತಿ ಪಡೆದು ಸಾರ್ವಜನಿಕ ಉಪದ್ರವದ ವಿರುದ್ಧ ದಾವೆ ಹೂಡಬಹುದು. ಹಂತ 5ರಲ್ಲಿ ಜೊತೆಗೂಡಿದ ನೆರೆಯವರು ಇಲ್ಲಿ ನೆರವಿಗೆ ಬರುತ್ತಾರೆ. ಎರಡನೆಯ ದಾರಿ, ನಿಮಗೊಬ್ಬರಿಗೇ ಆದ ನಷ್ಟಕ್ಕೆ ಪರಿಹಾರ ಕೇಳುವುದು. ಅವರ ಒಡೆದ ಕೊಳವೆಯ ನೀರು ನಿಮ್ಮ ಗೋಡೆಗೆ ಇಳಿದಿದ್ದರೆ, ರಿಪೇರಿ ಬಿಲ್ಲುಗಳ ಜೊತೆಗೆ ರಿಪೇರಿಗೆ ಮುಂಚಿನ ಫೋಟೊಗಳನ್ನೂ ಇಟ್ಟುಕೊಂಡಿರಬೇಕು.

ಹಂತ 9: ಕೆಲಸವಾದ ಮೇಲೆ

ಮಾಲೀಕರು ನೋಟಿಸಿಗೆ ಹೆದರಿ ಗಿಡಗಂಟಿ ಸವರಿಸಿದ ಮಾತ್ರಕ್ಕೆ ಕಡತ ಮುಚ್ಚಬೇಡಿ. ಹಂತ 1ರ ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಂದೊಂದು ಸಾಲನ್ನೂ ಸ್ಥಳಕ್ಕೆ ಹೋಲಿಸಿ ನೋಡಿ, ಸರಿಯಾದದ್ದಕ್ಕೆ ದಿನಾಂಕ ಹಾಕಿ, ಹಳೆಯ ಜಾಗದಲ್ಲೇ ನಿಂತು ಫೋಟೊ ತೆಗೆಯಿರಿ. ಗೋಡೆ, ಚಾವಣಿ, ತೊಟ್ಟಿ, ಚರಂಡಿ ಇವುಗಳ ನಿಜಸ್ಥಿತಿ ತಿಳಿಯುವುದು ಒಂದು ಮಳೆಗಾಲ ಕಳೆದ ಮೇಲೆ. ಅಲ್ಲಿಯವರೆಗೆ ತಿಂಗಳಿಗೊಂದು ನಮೂದು ಸಾಕು. ಮಾಲೀಕರು ನಿಜವಾಗಿ ಸರಿಪಡಿಸಿದ್ದರೆ, ಯಾವ ಕೆಲಸ ಯಾವ ದಿನ ಮುಗಿಯಿತು ಎಂದು ನಮೂದಿಸಿ ಅವರಿಗೂ ಕಚೇರಿಗೂ ಒಂದು ಧನ್ಯವಾದದ ಪತ್ರ ಬರೆಯಿರಿ, ಮತ್ತು ಅದರ ಪ್ರತಿಯನ್ನೂ ಅದೇ ಕಡತದಲ್ಲಿ ಇಡಿ.